ಸೋದರಮಾವನ ಮಗಳು ಮತ್ತು ಇಂಗ್ಲಿಷಿನ ‘ಅಂಕಲ್’: ಇರಾನಿನ ಕಥೆಗಳನ್ನು ಓದುವ ಬಗೆ

ಪ್ರಶ್ನೆ: ನಾನು ಧಾರವಾಡ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಇರಾನಿನ ಸಿನಿಮಾಗಳನ್ನು ನೋಡುತ್ತಾ ನೋಡುತ್ತಾ ಅಲ್ಲಿನ ಕಥೆ, ಕಾದಂಬರಿಗಳನ್ನೂ ಓದಬೇಕೆನ್ನಿಸಿದೆ. ಪರ್ಷಿಯನ್ ಬರುವುದಿಲ್ಲ, ಇಂಗ್ಲಿಷ್ ಅನುವಾದಗಳೇ ಗತಿ. ಈಚಿನ ಲೇಖಕರಲ್ಲಿ ಯಾರಿಂದ ಆರಂಭಿಸಲಿ? ಆ ಅನುವಾದಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು? ಒಂದೆರಡು ಕಥೆಗಳನ್ನು ಕನ್ನಡಕ್ಕೆ ತರುವ ಆಸೆಯೂ ಇದೆ. ಮೂಲ ಭಾಷೆ ತಿಳಿಯದೆ ಇಂಗ್ಲಿಷಿನ ಮೂಲಕ ತಂದರೆ ತಪ್ಪಾಗುತ್ತದೆಯೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ತಪ್ಪಾಗುವುದಿಲ್ಲ. ಉಮರ್ ಖಯ್ಯಾಮ್ ನಮ್ಮ ಮನೆಗೆ ಬಂದದ್ದೂ ಇಂಗ್ಲಿಷಿನ ಬಾಗಿಲಿನಿಂದಲೇ, ಡಿ.ವಿ.ಜಿ.ಯವರ ‘ಉಮರನ ಒಸಗೆ’ಯ ಹಿಂದೆ ಫಿಟ್ಜ್‌ಜೆರಾಲ್ಡನ ಇಂಗ್ಲಿಷ್ ಪದ್ಯಗಳಿದ್ದವು. ಆದರೆ ಇರಾನಿನಿಂದ ಹೊರಟ ಕಥೆ ಇಂಗ್ಲಿಷನ್ನು ಹಾದು ಬರುವಾಗ ಕೆಲವು ಸಾಮಾನುಗಳು ದಾರಿಯಲ್ಲೇ ಉದುರಿಹೋಗಿರುತ್ತವೆ. ಹಾಗೆ ಉದುರಿದ ಎಷ್ಟೋ ಸಾಮಾನುಗಳನ್ನು ಕನ್ನಡ ಮತ್ತೆ ಎತ್ತಿಕೊಳ್ಳಬಲ್ಲದು ಎಂಬುದು ನನಗೆ ಇಷ್ಟು ವರ್ಷಗಳ ಓದಿನಲ್ಲಿ ಸಿಕ್ಕಿರುವ ದೊಡ್ಡ ಸಂತೋಷ. ಏನು ಉದುರಿದೆ ಎಂದು ತಿಳಿದಿದ್ದರೆ ತಾನೇ ಎತ್ತಿಕೊಳ್ಳುವುದು? ಅದಕ್ಕಾಗಿ ಒಂದು ಕಾದಂಬರಿಯನ್ನು ಹತ್ತಿರದಿಂದ ನೋಡೋಣ.

ಇರಾಜ್ ಪೆಜೆಶ್ಕ್‌ಜಾದ್ ಅವರ ‘ದಾಯೀ ಜಾನ್ ನಾಪೊಲಿಯೊನ್’ 1973ರಲ್ಲಿ ಪ್ರಕಟವಾಯಿತು. 1976ರಲ್ಲಿ ಟಿ.ವಿ. ಧಾರಾವಾಹಿಯಾಗಿ ಇರಾನಿನ ಮನೆಮನೆಯನ್ನೂ ತಲುಪಿತು. ಡಿಕ್ ಡೇವಿಸ್ ಅವರು ಇದನ್ನು 1996ರಲ್ಲಿ ‘ಮೈ ಅಂಕಲ್ ನೆಪೋಲಿಯನ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. ಅತ್ಯಂತ ಜೀವಂತವಾದ ಅನುವಾದ. ಎರಡನೆಯ ಮಹಾಯುದ್ಧದ ಕಾಲದ ತೆಹರಾನ್. ಒಂದು ದೊಡ್ಡ ತೋಟ, ಅದರೊಳಗೆ ಒಂದೇ ಕುಟುಂಬದ ಹಲವು ಮನೆಗಳು. ಮನೆತನದ ಯಜಮಾನನಿಗೆ ತಾನು ನೆಪೋಲಿಯನ್ನನಷ್ಟೇ ದೊಡ್ಡ ವೀರ ಎಂಬ ಭ್ರಮೆ, ಬ್ರಿಟಿಷರು ತನ್ನ ಮೇಲೆ ಹಗೆ ತೀರಿಸಿಕೊಳ್ಳಲು ಹೊಂಚು ಹಾಕುತ್ತಿದ್ದಾರೆ ಎಂಬ ಭಯ. ಕಥೆ ಹೇಳುವ ಹುಡುಗ ಆಗಸ್ಟ್ ತಿಂಗಳ ಸುಡುವ ಒಂದು ಶುಕ್ರವಾರ, ಮಧ್ಯಾಹ್ನ ಮೂರಕ್ಕೆ ಕಾಲು ಗಂಟೆ ಇರುವಾಗ ಪ್ರೀತಿಯಲ್ಲಿ ಬೀಳುತ್ತಾನೆ. ಹುಡುಗಿ ಅದೇ ಯಜಮಾನನ ಮಗಳು, ಲೈಲಿ.

ಇಂಗ್ಲಿಷಿನಲ್ಲಿ ಆ ಯಜಮಾನ ‘ಅಂಕಲ್’. ಹುಡುಗಿ ‘ಕಸಿನ್’. ಅವಳನ್ನು ಮದುವೆಯಾಗುವ ಆಸೆಯಿರುವ ಇನ್ನೊಬ್ಬ ಹುಡುಗ ಪೂರಿಯೂ ‘ಕಸಿನ್’. ಎಲ್ಲವೂ ಒಂದೇ ಬಣ್ಣ. ಪರ್ಷಿಯನ್ನಿನಲ್ಲಿ ಹಾಗಲ್ಲ. ‘ದಾಯೀ’ ಎಂದರೆ ತಾಯಿಯ ಅಣ್ಣ ಅಥವಾ ತಮ್ಮ, ‘ಅಮೂ’ ಎಂದರೆ ತಂದೆಯ ಅಣ್ಣ ಅಥವಾ ತಮ್ಮ, ‘ಖಾಲೆ’ ಎಂದರೆ ತಾಯಿಯ ಸಹೋದರಿ, ‘ಅಮ್ಮೆ’ ಎಂದರೆ ತಂದೆಯ ಸಹೋದರಿ. ಕನ್ನಡದ ಕಿವಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ದಾಯೀ ಅಂದರೆ ಸೋದರಮಾವ. ಲೈಲಿ ಸೋದರಮಾವನ ಮಗಳು. ಹುಡುಗ ಅವಳ ಕಡೆಗೆ ನೋಡಿದ್ದರಲ್ಲಿ ನಮ್ಮ ಹಳ್ಳಿಯ ಅಜ್ಜಿಗೆ ಬೆರಗೇನೂ ಕಾಣುವುದಿಲ್ಲ, ಆ ಹಕ್ಕು ಅವನದೇ ಎನ್ನುತ್ತಾಳೆ. ಇಂಗ್ಲಿಷ್ ಓದುಗರು ಹುಬ್ಬೇರಿಸುವಲ್ಲಿ ಕನ್ನಡದ ಓದುಗರು ತಲೆದೂಗುತ್ತಾರೆ.

ಆದರೆ ಅನುವಾದಕರು ಎಡವುವ ಕಲ್ಲು ಅಲ್ಲೇ ಪಕ್ಕದಲ್ಲಿದೆ. ಪೂರಿ ಲೈಲಿಯ ತಂದೆಯ ತಮ್ಮನ ಮಗ. ಅಂದರೆ ನಮ್ಮ ಲೆಕ್ಕದಲ್ಲಿ ಅವಳಿಗೆ ಅಣ್ಣನಾಗಬೇಕಾದವನು. ‘ಚಿಕ್ಕಪ್ಪನ ಮಗನ ಜೊತೆ ಲೈಲಿಯ ಮದುವೆ’ ಎಂದು ಬರೆದರೆ ಬಹಳಷ್ಟು ಕನ್ನಡದ ಓದುಗರು ಬೆಚ್ಚುತ್ತಾರೆ. ಇರಾನಿನಲ್ಲಿ ಮಾತ್ರ ‘ಅಮೂ’ವಿನ ಮಗ, ‘ಅಮೂ’ವಿನ ಮಗಳ ಮದುವೆಯ ಗಂಟು ಆಕಾಶದಲ್ಲೇ ಬಿದ್ದಿದೆ ಎಂಬ ಗಾದೆಯೇ ಉಂಟು. ಕರ್ನಾಟಕದ ಮುಸ್ಲಿಂ ಕುಟುಂಬಗಳಿಗೂ ಇಂಥ ಸಂಬಂಧ ಅಪರಿಚಿತವಲ್ಲ. ಕಾದಂಬರಿಯೊಳಗಿನ ಹಿರಿಯರಿಗೆ ಇಬ್ಬರೂ ಹುಡುಗರು ಲೈಲಿಗೆ ಸಲ್ಲುವ ವರಗಳು. ಕಥೆಯ ನೋವು ನಿಂತಿರುವುದೇ ಈ ಸಮಾನತೆಯ ಮೇಲೆ. ಹಾಗಾಗಿ ಇದನ್ನು ಕನ್ನಡಕ್ಕೆ ತರುವವರು ದಾಯೀಯನ್ನು ಧೈರ್ಯವಾಗಿ ಸೋದರಮಾವ ಎನ್ನಬಹುದು, ಪೂರಿಯ ಸಂಬಂಧ ಬಂದಾಗ ಮಾತ್ರ ಅರೆಗಳಿಗೆ ನಿಂತು, ಆ ಗಾದೆಯನ್ನು ಯಾರಾದರೊಬ್ಬ ಹಿರಿಯರ ಬಾಯಲ್ಲಿ ಇಟ್ಟು ಮುಂದೆ ಹೋಗಬೇಕು. ಅಡಿಟಿಪ್ಪಣಿಗಿಂತ ಅದು ಮೇಲು.

ಇದೇ ಕಾದಂಬರಿಯ ಮನೆಯಾಳು ಮಶ್ ಕಾಸೆಮ್ ಏನಾದರೂ ಬುರುಡೆ ಬಿಡುವ ಮುನ್ನ ‘ಸುಳ್ಳು ಯಾಕೆ ಹೇಳಲಿ, ಗೋರಿಗೆ ಇನ್ನು ಇಷ್ಟೇ ದೂರ’ ಎಂದು ನಾಲ್ಕು ಬೆರಳು ತೋರಿಸುತ್ತಾನೆ. ಕನ್ನಡದಲ್ಲಿ ಈ ಮಾತಿಗೆ ಎಷ್ಟು ಜಾಗವಿದೆ ನೋಡಿ. ಕಾಡಿಗೆ ಹೋಗುವ ಕಾಲ ಬಂತು, ಸುಳ್ಳು ಯಾಕೆ ಹೇಳಲಿ ಎನ್ನುವ ಮುದುಕರನ್ನು ನಾವೆಲ್ಲ ಬಲ್ಲೆವು. ಆದರೂ ಗೋರಿಯನ್ನು ಗೋರಿಯಾಗಿಯೇ ಉಳಿಸಿ. ಆ ನಾಲ್ಕು ಬೆರಳನ್ನೂ ಬಿಡಬೇಡಿ.

ಇನ್ನು ನೀನು, ನೀವು. ಪರ್ಷಿಯನ್ನಿನಲ್ಲಿ ‘ತೊ’ ಎಂದರೆ ನೀನು, ‘ಶೊಮಾ’ ಎಂದರೆ ನೀವು. ಎದುರಿಗಿಲ್ಲದ ಹಿರಿಯರ ಬಗ್ಗೆ ಹೇಳುವಾಗಲೂ ನಮ್ಮ ಹಾಗೆಯೇ ಬಹುವಚನದ ಕ್ರಿಯಾಪದ ಬರುತ್ತದೆ. ಇಂಗ್ಲಿಷ್ ಇದೆಲ್ಲವನ್ನೂ ಒಂದೇ ಪದದಲ್ಲಿ ಮುಳುಗಿಸುತ್ತದೆ. ಗಂಡ ಹೆಂಡತಿಗೆ ಎಂದಿನಿಂದ ‘ಶೊಮಾ’ ಎನ್ನತೊಡಗಿದ, ಅಪರಿಚಿತರಿಬ್ಬರು ಯಾವ ಪುಟದಲ್ಲಿ ‘ತೊ’ಗೆ ಇಳಿದರು ಎಂಬುದು ಎಷ್ಟೋ ಕಥೆಗಳಲ್ಲಿ ಇಡೀ ಸಂಬಂಧದ ತಿರುವು. ಇಂಗ್ಲಿಷಿನಿಂದ ತರುವಾಗ ನೀವು ಇದನ್ನು ಊಹಿಸಬೇಕಾಗುತ್ತದೆ. ಹೆಸರಿನ ಮುಂದೆ ‘ಜಾನ್’ (ಪ್ರೀತಿಯ) ಇದೆಯೇ, ‘ಖಾನುಮ್’ (ಶ್ರೀಮತಿ) ಇದೆಯೇ, ‘ಆಘಾ’ (ಶ್ರೀಯುತ) ಇದೆಯೇ ನೋಡಿ, ಅರ್ಧ ಸುಳಿವು ಅಲ್ಲೇ ಸಿಗುತ್ತದೆ. ಉಳಿದ ಅರ್ಧಕ್ಕೆ ಮೂಲ ಬಲ್ಲವರನ್ನು ಕೇಳಲೇಬೇಕು.

ಕನ್ನಡಕ್ಕೆ ಕಷ್ಟವಾಗುವ ಕಡೆಯೂ ಇದೆ, ಅದು ಸಣ್ಣದೇನಲ್ಲ. ಪರ್ಷಿಯನ್ನಿನಲ್ಲಿ ಅವನು, ಅವಳು ಎರಡಕ್ಕೂ ‘ಊ’ ಎಂಬ ಒಂದೇ ಪದ. ಕ್ರಿಯಾಪದದಲ್ಲೂ ಲಿಂಗವಿಲ್ಲ. ನಮ್ಮಲ್ಲಿ ಬಂದನು, ಬಂದಳು ಎನ್ನದೆ ವಾಕ್ಯವೇ ಮುಗಿಯುವುದಿಲ್ಲ. ಇರಾನಿನ ಅಜ್ಜಿಯರು ಕಥೆ ಶುರು ಮಾಡುವುದೇ ‘ಯೆಕೀ ಬೂದ್, ಯೆಕೀ ನಬೂದ್’ ಎಂದು. ಒಬ್ಬರಿದ್ದರು, ಒಬ್ಬರಿರಲಿಲ್ಲ, ದೇವರ ಹೊರತು ಯಾರೂ ಇರಲಿಲ್ಲ. ಆ ‘ಯೆಕೀ’ ಒಬ್ಬನೋ, ಒಬ್ಬಳೋ, ಒಂದೋ? ಪರ್ಷಿಯನ್ ಹೇಳುವುದಿಲ್ಲ, ಕನ್ನಡ ಹೇಳದೆ ಬಿಡುವುದಿಲ್ಲ. ನಾನು ‘ಒಂದು ಜೀವ ಇತ್ತು, ಒಂದು ಜೀವ ಇರಲಿಲ್ಲ’ ಎಂದು ಬರೆದುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ. ಮೊಹಮ್ಮದ್ ಅಲಿ ಜಮಾಲ್‌ಜಾದೆ 1921ರಲ್ಲಿ ಬರ್ಲಿನ್‌ನಿಂದ ಹೊರತಂದ, ಆಧುನಿಕ ಪರ್ಷಿಯನ್ ಸಣ್ಣಕಥೆಗೆ ನಾಂದಿ ಎನ್ನಿಸಿಕೊಂಡ ಸಂಕಲನದ ಹೆಸರೂ ಇದೇ, ‘ಯೆಕೀ ಬೂದ್, ಯೆಕೀ ನಬೂದ್’. ಆ ಸಂಕಲನಕ್ಕೆ ಮತ್ತೆ ಬರುತ್ತೇನೆ.

ಈಗ ಯಾರಿಂದ ಆರಂಭಿಸಬೇಕು ಎಂಬ ಪ್ರಶ್ನೆ. ನನ್ನನ್ನು ಕೇಳಿದರೆ ಜೋಯಾ ಪೀರ್‌ಜಾದ್ ಅವರಿಂದ. 1952ರಲ್ಲಿ ಆಬಾದಾನ್‌ನಲ್ಲಿ ಹುಟ್ಟಿದ, ಅರ್ಮೇನಿಯನ್ ಮೂಲದ ಲೇಖಕಿ. 2001ರಲ್ಲಿ ಬಂದ ಇವರ ಕಾದಂಬರಿಯ ಹೆಸರು ‘ಚೆರಾಗ್‌ಹಾ ರಾ ಮನ್ ಖಾಮೂಶ್ ಮೀಕೊನಮ್’, ಅಂದರೆ ‘ದೀಪಗಳನ್ನು ನಾನು ಆರಿಸುತ್ತೇನೆ’. ಫ್ರಾಂಕ್ಲಿನ್ ಲೂಯಿಸ್ ಅವರ 2012ರ ಇಂಗ್ಲಿಷ್ ಅನುವಾದಕ್ಕೆ ‘ಥಿಂಗ್ಸ್ ವಿ ಲೆಫ್ಟ್ ಅನ್‌ಸೆಡ್’ ಎಂದು ಹೆಸರಿಟ್ಟರು. 1960ರ ದಶಕದ ಆಬಾದಾನ್, ತೈಲ ಕಂಪನಿಯ ವಸತಿ ಬಡಾವಣೆ, ಸುಡುವ ಸೆಕೆ. ಕ್ಲಾರಿಸ್ ಎಂಬ ಗೃಹಿಣಿ, ಗಂಡ ಆರ್ತೂಶ್, ಒಬ್ಬ ಮಗ, ಅವಳಿ ಹೆಣ್ಣುಮಕ್ಕಳು. ಎದುರು ಮನೆಗೆ ಹೊಸ ಕುಟುಂಬವೊಂದು ಬರುತ್ತದೆ. ಮೇಲ್ನೋಟಕ್ಕೆ ಏನೂ ನಡೆಯುವುದಿಲ್ಲ. ಮಕ್ಕಳು ಶಾಲೆಯಿಂದ ಬರುತ್ತಾರೆ, ತಿಂಡಿ ತಿನ್ನುತ್ತಾರೆ, ನೆರೆಹೊರೆಯವರು ಊಟಕ್ಕೆ ಬರುತ್ತಾರೆ, ಒಂದು ದಿನ ಮಿಡತೆಯ ಹಿಂಡು ಊರಿನ ಮೇಲೆ ಇಳಿಯುತ್ತದೆ. ಎಲ್ಲರೂ ಮಲಗಿದ ಮೇಲೆ ದೀಪ ಆರಿಸುವ ಕೆಲಸ ಮಾತ್ರ ಉಳಿದಿರುತ್ತದೆ. ಆ ಕೆಲಸ ಯಾರದು ಎಂಬುದೇ ಪುಸ್ತಕ.

ಇಂಗ್ಲಿಷ್ ಹೆಸರು ಮೂಲದಿಂದ ದೂರ ಹೋಗಿದೆ ಎಂದು ನನಗೆ ಮೊದಮೊದಲು ಸಿಟ್ಟಿತ್ತು. ಆಮೇಲೆ ‘ಖಾಮೂಶ್’ ಎಂಬ ಪದವನ್ನು ಹಿಡಿದು ಕೂತೆ. ದೀಪ ಆರಿದರೂ ಖಾಮೂಶ್, ಮನುಷ್ಯ ಮಾತಿಲ್ಲದೆ ಕೂತರೂ ಖಾಮೂಶ್. ಪರ್ಷಿಯನ್ ಹೆಸರಿನೊಳಗೆ ಮೌನ ಆಗಲೇ ಅಡಗಿದೆ. ಇಂಗ್ಲಿಷಿನವರು ಮೌನವನ್ನು ಇಟ್ಟುಕೊಂಡು ದೀಪವನ್ನು ಬಿಟ್ಟರು. ಕನ್ನಡದಲ್ಲಿ ದೀಪ ಮಾತ್ರವಲ್ಲ, ಅದರ ಸುತ್ತಲಿನ ಅಂಜಿಕೆಯೂ ಸಿಗುತ್ತದೆ. ‘ದೀಪ ಆರಿಸು’ ಎನ್ನುವುದು ಅಪಶಕುನವೆಂದು ನಮ್ಮ ಹಿರಿಯರು ‘ದೀಪ ದೊಡ್ಡದು ಮಾಡು’, ‘ದೀಪ ಶಾಂತ ಮಾಡು’ ಎನ್ನುತ್ತಿದ್ದರು. ‘ಶಾಂತ ಮಾಡು’ ಎಂಬುದರಲ್ಲಿ ಖಾಮೂಶ್‌ನ ಎರಡೂ ಅರ್ಥ ಇದೆ. ಆದರೆ ಆಬಾದಾನ್‌ನ ಆ ಮನೆಯಲ್ಲಿ ಇರುವುದು ಕರೆಂಟಿನ ದೀಪ, ಒತ್ತುವ ಸ್ವಿಚ್ಚು. ಕ್ಲಾರಿಸ್ ಬಾಯಲ್ಲಿ ‘ದೀಪ ಶಾಂತ ಮಾಡುತ್ತೇನೆ’ ಎಂಬುದು ದೇವರಮನೆಯ ಮಾತಾಗಿಬಿಡುತ್ತದೆ. ನಾನಾದರೆ ಹೆಸರನ್ನು ‘ದೀಪ ನಾನು ಆರಿಸುತ್ತೇನೆ’ ಎಂದೇ ಇಟ್ಟು, ‘ನಾನು’ ಎಂಬುದರ ಮೇಲೆ ಭಾರ ಬೀಳಲು ಬಿಡುತ್ತೇನೆ. ಮೂಲದಲ್ಲೂ ‘ಮನ್’ ಎಂಬ ಸರ್ವನಾಮ ಇರಲೇಬೇಕೆಂದಿಲ್ಲ, ಕ್ರಿಯಾಪದವೇ ಸಾಕು. ಹಾಗಿದ್ದೂ ಲೇಖಕಿ ಅದನ್ನು ಬರೆದಿದ್ದಾರೆ.

ಎರಡನೆಯದಾಗಿ ಮಹಮೂದ್ ದೌಲತಾಬಾದಿ. ಖುರಾಸಾನಿನ ಸಬ್ಜೆವಾರ್ ಹತ್ತಿರದ ಹಳ್ಳಿಯಲ್ಲಿ 1940ರಲ್ಲಿ ಹುಟ್ಟಿದವರು. ಚಪ್ಪಲಿ ಹೊಲಿದು, ಕ್ಷೌರದಂಗಡಿಯಲ್ಲಿ ದುಡಿದು, ನಾಟಕ ಆಡಿ, ಅರಸ ಷಾನ ಕಾಲದಲ್ಲಿ ಸೆರೆಮನೆ ಕಂಡು ಬರೆದವರು. ಹತ್ತು ಸಂಪುಟಗಳ ‘ಕೆಲಿದರ್’ ಇವರ ಹೆಗ್ಗುರುತು. ನೀವು ಮಾತ್ರ 1979ರ ‘ಜಾ-ಯೆ ಖಾಲಿ-ಯೆ ಸೊಲೂಚ್’ನಿಂದ ಆರಂಭಿಸಿ. ಕಾಮ್ರಾನ್ ರಸ್ತಗಾರ್ ಅವರ ಇಂಗ್ಲಿಷ್ ಅನುವಾದ, ‘ಮಿಸ್ಸಿಂಗ್ ಸೊಲೂಚ್’, 2007ರಲ್ಲಿ ಬಂತು. ಮೊದಲ ವಾಕ್ಯದಲ್ಲೇ ಮೆರ್ಗಾನ್ ಎಂಬ ಹೆಂಗಸು ದಿಂಬಿನಿಂದ ತಲೆ ಎತ್ತಿದಾಗ ಗಂಡ ಸೊಲೂಚ್ ಇಲ್ಲ. ಎಲ್ಲಿ ಹೋದ, ಯಾಕೆ ಹೋದ ಯಾರಿಗೂ ಗೊತ್ತಿಲ್ಲ. ಮೂರು ಮಕ್ಕಳು, ಮನೆಯಲ್ಲಿ ಕಾಳಿಲ್ಲ, ಊರಲ್ಲಿ ಕೆಲಸವಿಲ್ಲ, ಹೊಲಕ್ಕೆ ಟ್ರ್ಯಾಕ್ಟರ್ ಬರುತ್ತಿದೆ. ಸಾಲದವರು ಮನೆಯ ತಾಮ್ರದ ಪಾತ್ರೆಗಳಿಗೆ ಕೈ ಹಾಕುತ್ತಾರೆ. ಹಿರಿಯ ಮಗ ಅಬ್ಬಾಸ್ ಮದವೇರಿದ ಒಂಟೆಯಿಂದ ತಪ್ಪಿಸಿಕೊಳ್ಳಲು ಹೋಗಿ ಹಾಳುಬಾವಿ ಸೇರಿ, ಒಂದೇ ರಾತ್ರಿಯಲ್ಲಿ ತಲೆ ನರೆತು ಹೊರಬರುವ ಪುಟಗಳನ್ನು ಓದುವಾಗ ಕೈ ತಣ್ಣಗಾಗುತ್ತದೆ.

ಈ ಹೆಸರನ್ನೇ ನೋಡಿ. ಜಾ, ಖಾಲಿ. ನಮ್ಮ ‘ಜಾಗ’ವೂ ‘ಖಾಲಿ’ಯೂ ಪರ್ಷಿಯನ್ನಿನ ಹಾದಿಯಲ್ಲೇ ಕನ್ನಡಕ್ಕೆ ಬಂದ ಪದಗಳು. ‘ಸೊಲೂಚನ ಖಾಲಿ ಜಾಗ’ ಎಂದರೆ ಅನುವಾದ ಮುಗಿಯಿತು, ಮೂಲದ ಪದಗಳೇ ಉಳಿದವು. ಇದಕ್ಕಿನ್ನೊಂದು ಪದರವೂ ಇದೆ. ಮದುವೆಗೋ ಪ್ರವಾಸಕ್ಕೋ ಬರಲಾಗದ ಆಪ್ತರಿಗೆ ಇರಾನಿನವರು ‘ಜಾ-ಯೆ ಶೊಮಾ ಖಾಲಿ’ ಎನ್ನುತ್ತಾರೆ. ನಿಮ್ಮ ಜಾಗ ಖಾಲಿಯಿತ್ತು, ನೀವಿರಬೇಕಿತ್ತು ಎಂಬ ಪ್ರೀತಿಯ ಉಪಚಾರ. ದಿನಬೆಳಗಾದರೆ ಎಲ್ಲರ ಬಾಯಲ್ಲಿರುವ ಆ ಮಾತನ್ನು ಲೇಖಕರು ಹಸಿವಿನ ಮನೆಯ ಬಾಗಿಲಿಗೆ ತಂದು ನಿಲ್ಲಿಸಿದ್ದಾರೆ. ಇಂಗ್ಲಿಷಿನ ‘ಮಿಸ್ಸಿಂಗ್’ಗೆ ಕಾಣೆಯಾದವನೆಂಬ ಅರ್ಥವೂ ನೆನಪಾಗುತ್ತಿದ್ದಾನೆಂಬ ಅರ್ಥವೂ ಇವೆ, ಒಳ್ಳೆಯ ಆಯ್ಕೆಯೇ. ಆದರೆ ಜಾಗ ಹೋಯಿತು. ಆ ಹಾಸಿಗೆಯ ಬದಿ, ಆ ಮೂಲೆ, ಅದು ಕನ್ನಡದಲ್ಲಿ ಉಳಿಯುತ್ತದೆ.

ಮೂರನೆಯದು, ಶೊಕೂಫೆ ಆಜರ್ ಅವರ ‘ಇಶ್ರಾಕ್-ಎ ದರಖ್ತ್-ಎ ಗೋಜೆ ಸಬ್ಜ್’. ಲೇಖಕಿ 2011ರಲ್ಲಿ ನಿರಾಶ್ರಿತರಾಗಿ ಆಸ್ಟ್ರೇಲಿಯಾ ಸೇರಿದವರು. ಪರ್ಷಿಯನ್ನಿನಲ್ಲಿ ಬರೆದ ಈ ಕಾದಂಬರಿ 2017ರಲ್ಲಿ ಅಲ್ಲಿ ‘ದಿ ಎನ್‌ಲೈಟನ್‌ಮೆಂಟ್ ಆಫ್ ದಿ ಗ್ರೀನ್‌ಗೇಜ್ ಟ್ರೀ’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂತು, 2020ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿ ಸೇರಿತು. ಅನುವಾದಕರು ಸುರಕ್ಷತೆಗಾಗಿ ಅನಾಮಧೇಯರಾಗಿ ಉಳಿದಿದ್ದಾರೆ. ಕಥೆ ಹೇಳುವವಳು ಬಹಾರ್, 1979ರ ಕ್ರಾಂತಿಯ ದಿನಗಳಲ್ಲಿ ಬೆಂಕಿಗೆ ಸಿಕ್ಕಿ ಸತ್ತ ಬಾಲಕಿಯ ಪ್ರೇತ. 1988ರ ಆಗಸ್ಟ್ 18, ಮಧ್ಯಾಹ್ನ 2 ಗಂಟೆ 35 ನಿಮಿಷಕ್ಕೆ ಸರಿಯಾಗಿ ಅವಳ ತಾಯಿ ತೋಪಿನ ಅತಿ ಎತ್ತರದ ಪ್ಲಮ್ ಮರದ ತುದಿಯಲ್ಲಿ ಜ್ಞಾನ ಪಡೆಯುತ್ತಾಳೆ. ಅದೇ ಗಳಿಗೆಗೆ ಸೆರೆಮನೆಯಲ್ಲಿರುವ ಮಗ ಸೊಹ್ರಾಬ್‌ನನ್ನು ಗಲ್ಲಿಗೇರಿಸುತ್ತಾರೆ. 1988ರಲ್ಲಿ ಇರಾನಿನ ಸೆರೆಮನೆಗಳಲ್ಲಿ ಸಾವಿರಾರು ರಾಜಕೀಯ ಕೈದಿಗಳನ್ನು ಕೊಂದದ್ದು ಇತಿಹಾಸ. ಗಡಿಯಾರದ ಮುಳ್ಳಿನಷ್ಟು ಖಚಿತವಾದ ಆ ವೇಳೆಯೂ ಮರವೇರಿದ ತಾಯಿಯ ಪವಾಡವೂ ಒಂದೇ ವಾಕ್ಯದಲ್ಲಿ ಹೊಂದಿಕೊಂಡಿರುವುದು ಈ ಪುಸ್ತಕದ ರೀತಿ.

‘ಇಶ್ರಾಕ್’ ಎಂದರೆ ಸೂರ್ಯೋದಯ, ಬೆಳಕು ಹರಿಯುವುದು. 12ನೆಯ ಶತಮಾನದ ತತ್ತ್ವಜ್ಞಾನಿ ಸುಹ್ರವರ್ದಿ ಕಟ್ಟಿದ ದರ್ಶನದ ಹೆಸರೂ ಅದೇ. ಇಂಗ್ಲಿಷಿನ ‘ಎನ್‌ಲೈಟನ್‌ಮೆಂಟ್’ ಅನ್ನು ಕಣ್ಣುಮುಚ್ಚಿ ‘ಜ್ಞಾನೋದಯ’ ಎಂದರೆ ನಮ್ಮ ಓದುಗರ ಮನಸ್ಸು ಕೂಡಲೇ ಬೋಧಿವೃಕ್ಷದ ಕೆಳಗೆ ಹೋಗಿ ಕೂರುತ್ತದೆ. ನಮ್ಮಲ್ಲಿ ‘ಬೆಳಗು’ ಎಂಬ ಪದವಿದೆ. ಮುಂಜಾನೆಯೂ ಹೌದು, ಬೆಳಕೂ ಹೌದು, ವಚನಕಾರರು ಅರಿವಿಗೆ ಬಳಸಿದ ಮಾತೂ ಹೌದು. ಇಶ್ರಾಕ್‌ಗೆ ಇಷ್ಟು ಹತ್ತಿರದ ಪದ ಇಂಗ್ಲಿಷಿನಲ್ಲಿ ನನಗೆ ಕಂಡಿಲ್ಲ. ಇನ್ನು ಆ ಗೋಜೆ ಸಬ್ಜ್, ಹಸಿರು ಬಣ್ಣದ ಹುಳಿ ಹಣ್ಣು. ವಸಂತದಲ್ಲಿ ಅದನ್ನು ಉಪ್ಪಿಗೆ ಅದ್ದಿ ಕಚ್ಚುತ್ತಾರೆ. ಮಾವಿನಕಾಯಿಗೂ ನೆಲ್ಲಿಕಾಯಿಗೂ ಉಪ್ಪು ಹಚ್ಚಿ ತಿಂದು ಬೆಳೆದ ನಿಮ್ಮ ವಿದ್ಯಾರ್ಥಿಗಳಿಗೆ ಹಣ್ಣಿನ ಹೆಸರು ಗೊತ್ತಿರಬೇಕಿಲ್ಲ, ಉಪ್ಪು ಎಂದರೆ ಸಾಕು, ಬಾಯಲ್ಲಿ ನೀರೂರುತ್ತದೆ.

ಅನುವಾದಗಳನ್ನು ಎಷ್ಟು ನಂಬಬಹುದು ಎಂದು ಕೇಳಿದ್ದೀರಿ. ಪದಗಳ ಮಟ್ಟಿಗೆ ಮೇಲಿನವರೆಲ್ಲ ನಂಬಿಕಸ್ತರು. ನನ್ನ ಚಿಂತೆ ಪುಸ್ತಕಗಳ ಆಯ್ಕೆಯದು. ಇರಾನಿನಲ್ಲಿ ಪುಸ್ತಕವೊಂದು ಅಂಗಡಿಗೆ ಬರಬೇಕಾದರೆ ಸಂಸ್ಕೃತಿ ಮತ್ತು ಇಸ್ಲಾಮಿ ಮಾರ್ಗದರ್ಶನ ಸಚಿವಾಲಯದ ಪರವಾನಗಿ ಬೇಕು. ಜನ ಅದನ್ನು ಚುಟುಕಾಗಿ ‘ಇರ್ಶಾದ್’ ಎನ್ನುತ್ತಾರೆ. ಒಂದು ಪದ, ಒಂದು ಪ್ಯಾರಾ, ಕೆಲವೊಮ್ಮೆ ಇಡೀ ಪುಸ್ತಕ ಅಲ್ಲಿ ನಿಂತುಹೋಗುತ್ತದೆ. ದೌಲತಾಬಾದಿಯವರ ‘ಕರ್ನಲ್’ ಕಾದಂಬರಿಗೆ ಅನುಮತಿ ಸಿಗಲಿಲ್ಲ. ಅದು 2009ರಲ್ಲಿ ಜರ್ಮನ್ನಿನಲ್ಲಿ, ಬಳಿಕ ಇಂಗ್ಲಿಷಿನಲ್ಲಿ ಬೆಳಕು ಕಂಡಿತು. ತಾಯ್ನುಡಿಯ ಓದುಗರಿಗಿಂತ ಮೊದಲು ಹೊರನಾಡಿನವರು ಓದಿದರು. ಶಹರ್‌ನೂಶ್ ಪಾರ್ಸಿಪೂರ್ ಅವರ ‘ಗಂಡಸರಿಲ್ಲದ ಹೆಂಗಸರು’ 1989ರಲ್ಲಿ ಪ್ರಕಟವಾದದ್ದಕ್ಕೆ ಲೇಖಕಿ ಸೆರೆಮನೆಗೆ ಹೋಗಬೇಕಾಯಿತು. ಅದರಲ್ಲಿ ಮಹ್‌ದೊಖ್ತ್ ಎಂಬ ಹೆಂಗಸು ಕರಜ್‌ನ ತೋಟವೊಂದರ ನೆಲದಲ್ಲಿ ತನ್ನನ್ನೇ ನೆಟ್ಟುಕೊಂಡು ಮರವಾಗುತ್ತಾಳೆ. ಅಜ್ಜಿಕಥೆಯಷ್ಟು ಸರಳವಾದ ಗದ್ಯ. ಮರವಾಗುವುದನ್ನು ಮಜ್ಜಿಗೆ ಕಡೆಯುವುದನ್ನು ಹೇಳಿದಷ್ಟೇ ಸಲೀಸಾಗಿ ಹೇಳುತ್ತಾರೆ.

ಸೆನ್ಸಾರನ್ನೇ ಕಥೆಯಾಗಿಸಿದವರು ಶಹರಿಯಾರ್ ಮಂದನಿಪೂರ್. 2009ರಲ್ಲಿ ಸಾರಾ ಖಲೀಲಿ ಅವರ ಅನುವಾದದಲ್ಲಿ ಬಂದ ‘ಸೆನ್ಸಾರಿಂಗ್ ಆ್ಯನ್ ಇರಾನಿಯನ್ ಲವ್ ಸ್ಟೋರಿ’ಯಲ್ಲಿ ದಾರಾ, ಸಾರಾ ಎಂಬ ಇಬ್ಬರ ಪ್ರೇಮಕಥೆ ನಡೆಯುತ್ತಿರುವಾಗಲೇ ಲೇಖಕ ತಾನೇ ವಾಕ್ಯಗಳ ಮೇಲೆ ಗೀಟು ಎಳೆಯುತ್ತಾ ಹೋಗುತ್ತಾನೆ. ಗೀಟಿನ ಕೆಳಗಿನ ಅಕ್ಷರಗಳು ಓದಲು ಸಿಗುತ್ತವೆ. ಯಾವ ಸ್ಪರ್ಶವನ್ನು, ಯಾವ ಉಪಮೆಯನ್ನು ಹೊಡೆದುಹಾಕಬೇಕಾಯಿತು ಎಂದು ಕಣ್ಣಾರೆ ಕಾಣುತ್ತದೆ. ಸುತ್ತುಬಳಸಿ ಹೇಳುವುದು ಇರಾನಿನ ಲೇಖಕರ ಶೈಲಿ ಎಂದು ಕೆಲವರು ಬರೆಯುತ್ತಾರೆ. ಅದರಲ್ಲಿ ಎಷ್ಟು ಭಾಗ ಶೈಲಿ, ಎಷ್ಟು ಭಾಗ ಭಯ ಎಂದು ಬೇರ್ಪಡಿಸಲು ಈ ಒಂದು ಪುಸ್ತಕ ಕಣ್ಣು ಕೊಡುತ್ತದೆ.

ಸೆನ್ಸಾರು ಮೊದಲ ಜರಡಿಯಾದರೆ ಎರಡನೆಯದು ಪಶ್ಚಿಮದ ಮಾರುಕಟ್ಟೆಯದು. ರಕ್ಷಾಪುಟದಲ್ಲಿ ಕಪ್ಪು ಚಾದರ, ಎರಡು ಕಾಡಿಗೆ ಕಣ್ಣು. ಒಳಗೆ ಆಬಾದಾನ್‌ನ ಅಡುಗೆಮನೆ ಇದ್ದರೂ ಹೊರಗೆ ಅದೇ ಚಿತ್ರ. ಮರ್ಜಾನ್ ಸತ್ರಪಿ ಅವರ ‘ಪರ್ಸೆಪೊಲಿಸ್’ ಮೂಲತಃ ಫ್ರೆಂಚ್, ಆಜರ್ ನಫೀಸಿ ಅವರ ನೆನಪಿನ ಬರಹಗಳು ಮೂಲತಃ ಇಂಗ್ಲಿಷ್. ಒಳ್ಳೆಯ ಪುಸ್ತಕಗಳು, ಓದಿ. ಆದರೆ ಅವು ಹೊರಗಿನ ಓದುಗರನ್ನು ಎದುರಿಗೆ ಕೂರಿಸಿಕೊಂಡು ಹೇಳಿದಂಥವು. ಪರ್ಷಿಯನ್ನಿನಲ್ಲಿ ಬರೆದವರು ತಮ್ಮವರಿಗೇ ಹೇಳುತ್ತಾರೆ, ಹಾಗಾಗಿ ವಿವರಣೆ ಕಡಿಮೆ, ಒಳಮಾತು ಹೆಚ್ಚು. ಅನುವಾದದಲ್ಲಿ ಹುಡುಕಬೇಕಾದದ್ದು ಆ ಒಳಮಾತನ್ನು.

ಸಾದಿಕ್ ಹಿದಾಯತ್ ಅವರ ‘ಬೂಫ್-ಎ ಕೂರ್’, ‘ಕುರುಡು ಗೂಬೆ’ಯ ಹೆಸರು ನೀವು ಕೇಳಿರುತ್ತೀರಿ. ಅದಕ್ಕೂ ನಮಗೂ ನಿಜವಾದ ನಂಟಿದೆ. ಇರಾನಿನ ಹಳೆಯ ಪಹ್ಲವಿ ಭಾಷೆ ಕಲಿಯಲು ಬಾಂಬೆಗೆ ಬಂದಿದ್ದ ಹಿದಾಯತ್ 1930ರ ದಶಕದ ನಡುವಿನಲ್ಲಿ ಅಲ್ಲಿಯೇ ಅದರ ಸುಮಾರು ಐವತ್ತು ಪ್ರತಿಗಳನ್ನು ತಮ್ಮ ಕೈಬರಹದಿಂದಲೇ ತೆಗೆಸಿದರು, ಇರಾನಿನಲ್ಲಿ ಮಾರಾಟಕ್ಕಲ್ಲ ಎಂಬ ಸೂಚನೆಯೊಂದಿಗೆ. ಕಥೆಗಾರನ ತಾಯಿ ಬೂಗಾಮ್ ದಾಸಿ ಬನಾರಸಿನ ಲಿಂಗದ ಗುಡಿಯೊಂದರ ನರ್ತಕಿ. ಸಸ್ಸನ್ ತಬತಬಾಯಿ ಅವರ 2022ರ ಹೊಸ ಅನುವಾದ ಚೆನ್ನಾಗಿದೆ. ಆದರೂ ಇಲ್ಲಿಂದ ಆರಂಭಿಸಬೇಡಿ. ಜ್ವರದಲ್ಲಿ ಕಂಡಂಥ ಪುಸ್ತಕ ಅದು. ಅಲ್ಲಿನ ಹಗಲು ಹೇಗಿರುತ್ತದೆ ಎಂದು ತಿಳಿದ ಮೇಲೆ ಆ ರಾತ್ರಿಗೆ ಹೋಗಿ.

ನಡುವೆ ಸೀಮೀನ್ ದಾನೇಶ್ವರ್ ಅವರ ‘ಸವೂಶೂನ್’ ಓದಿ, 1969ರದು. ಯುದ್ಧಕಾಲದ ಶಿರಾಜ್, ಊರಿಗೆಲ್ಲ ರೊಟ್ಟಿಯ ಬರ. ಮೊದಲ ಪುಟದಲ್ಲೇ ಗವರ್ನರನ ಮಗಳ ಮದುವೆಗೆಂದು ಯಾರೂ ಕಂಡಿರದಷ್ಟು ದೊಡ್ಡದಾದ, ಅಲಂಕರಿಸಿದ ರೊಟ್ಟಿ ಬಂದಿರುತ್ತದೆ, ಜರೀ ಮತ್ತು ಅವಳ ಗಂಡ ಯೂಸುಫ್ ಅದನ್ನು ನೋಡುತ್ತಾ ನಿಲ್ಲುತ್ತಾರೆ. ಸ್ವಲ್ಪ ಹೊತ್ತಿಗೆ ಜರೀಯ ಪಚ್ಚೆಯ ಓಲೆಗಳನ್ನು ಮದುಮಗಳಿಗಾಗಿ ‘ಒಂದು ರಾತ್ರಿಗೆ’ ಕೇಳಿ ಪಡೆಯುತ್ತಾರೆ. ಆ ರೊಟ್ಟಿ, ಆ ಓಲೆ, ಇವೆರಡರಿಂದ ಇಡೀ ಕಾದಂಬರಿ ಬೆಳೆಯುತ್ತದೆ. ಹೂಶಂಗ್ ಗುಲ್ಶೀರಿ ಅವರ ‘ಶಾಜ್ದೆ ಇಹ್ತೆಜಾಬ್’, ಫರೀಬಾ ವಫಿ ಅವರ ‘ನನ್ನ ಹಕ್ಕಿ’, ಗೋಲಿ ತರಕ್ಕಿ ಅವರ ಕಥೆಗಳು, ಮಹ್ಸಾ ಮೊಹೆಬಅಲಿ ಅವರ ‘ಇನ್ ಕೇಸ್ ಆಫ್ ಎಮರ್ಜೆನ್ಸಿ’, ಇವೆಲ್ಲ ಇಂಗ್ಲಿಷಿನಲ್ಲಿ ಸಿಗುತ್ತವೆ. ವಫಿ ತಬ್ರೀಜ್‌ನವರು, ಮನೆಮಾತು ಅಜರಿ ತುರ್ಕಿ. ಪೀರ್‌ಜಾದ್ ಅವರದು ಅರ್ಮೇನಿಯನ್. ಮನೆಯಲ್ಲಿ ಒಂದು ಮಾತು, ಬರವಣಿಗೆಗೆ ಇನ್ನೊಂದು ಎಂಬುದು ಕನ್ನಡದವರಿಗೆ ತೀರಾ ಪರಿಚಿತ.

ಇನ್ನು ನಿಮ್ಮ ಅನುವಾದದ ಕೆಲಸ. ಕಾದಂಬರಿಗೆ ಕೈ ಹಾಕಬೇಡಿ. ಜಮಾಲ್‌ಜಾದೆ ಅವರ ‘ಫಾರ್ಸಿ ಶಕರ್ ಅಸ್ತ್’, ‘ಪರ್ಷಿಯನ್ ಎಂದರೆ ಸಕ್ಕರೆ’, ಆ 1921ರ ಸಂಕಲನದ ಮೊದಲ ಕಥೆ, ಕನ್ನಡ ಮೇಷ್ಟ್ರಿಗೆಂದೇ ಬರೆದಂತಿದೆ. ಇರಾನಿನ ಅಂಜಲಿ ಎಂಬ ಬಂದರಿನ ಕತ್ತಲೆ ಕೋಣೆ. ಹಡಗಿನಿಂದ ಇಳಿದ ಕಥೆಗಾರನನ್ನು ಅಧಿಕಾರಿಗಳು ಅಲ್ಲಿಗೆ ನೂಕುತ್ತಾರೆ. ಒಳಗೆ ಮಾತುಮಾತಿಗೂ ಅರಬ್ಬಿ ತುಂಬುವ ಒಬ್ಬ ಶೇಖ್, ಫ್ರೆಂಚ್ ಬೆರೆಸುವ ಒಬ್ಬ ಯುರೋಪಿನ ಮೋಹಿ. ರಮಜಾನ್ ಎಂಬ ಬಡಪಾಯಿ ಹುಡುಗ ತನ್ನನ್ನು ಯಾಕೆ ಕೂಡಿಹಾಕಿದ್ದಾರೆ ಎಂದು ಇಬ್ಬರನ್ನೂ ಕೇಳುತ್ತಾನೆ, ಇಬ್ಬರ ಮಾತೂ ತಿಳಿಯದೆ ಇವರಿಗೆ ಹುಚ್ಚೋ ದೆವ್ವವೋ ಎಂದು ನಡುಗುತ್ತಾನೆ. ಕೊನೆಗೆ ಕಥೆಗಾರ ಸಾದಾ ಪರ್ಷಿಯನ್ನಿನಲ್ಲಿ ಮಾತಾಡಿಸಿದಾಗ ಅವನಿಗೆ ಹೋದ ಜೀವ ಬಂದಂತಾಗುತ್ತದೆ. ಶೇಖ್‌ನ ಬಾಯಿಗೆ ಸಂಸ್ಕೃತ, ಇನ್ನೊಬ್ಬನ ಬಾಯಿಗೆ ಇಂಗ್ಲಿಷ್ ಹಾಕುವ ಆಸೆ ನಿಮಗೆ ಬಂದೇ ಬರುತ್ತದೆ. ನಾಟಕವಾಗಿ ಆಡಿಸುವುದಾದರೆ ಹಾಗೆಯೇ ಮಾಡಿ. ಅನುವಾದ ಎಂದು ಹೆಸರಿಟ್ಟರೆ ಅರಬ್ಬಿ, ಫ್ರೆಂಚ್ ಮಾತುಗಳನ್ನೇ ಕನ್ನಡ ಲಿಪಿಯಲ್ಲಿ ಉಳಿಸಿ. ರಮಜಾನ್‌ನಷ್ಟೇ ಓದುಗರೂ ಕಕ್ಕಾಬಿಕ್ಕಿಯಾಗಲಿ.

ಧಾರವಾಡದ ಕಡೆ ಉರ್ದು ಮೇಷ್ಟ್ರುಗಳಿಗೆ ಕೊರತೆಯಿಲ್ಲ, ಅವರಲ್ಲಿ ಪರ್ಷಿಯನ್ ಓದಿದವರೂ ಸಿಗುತ್ತಾರೆ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಪ್ಯಾರಾ ಜೋರಾಗಿ ಓದಿಸಿ. ಉದ್ದ ವಾಕ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂಬುದು ಅರ್ಥವಾಗದಿದ್ದರೂ ಕೇಳಿಸುತ್ತದೆ. ಆದರೆ ಪರಿಚಿತ ಪದಗಳ ಬಗ್ಗೆ ಎಚ್ಚರ. ನಮ್ಮ ಜಮೀನು, ಕಾಗದ, ದರ್ಜಿ, ಬಜಾರು, ಗುಮಾಸ್ತ, ಖುಷಿ ಎಲ್ಲ ಅಲ್ಲಿಂದ ಬಂದವು ನಿಜ. ಬಂದವು ಎಲ್ಲವೂ ಅದೇ ಅರ್ಥದಲ್ಲಿ ಉಳಿದಿಲ್ಲ. ‘ತಮಾಷಾ’ ಎಂದರೆ ಇರಾನಿನಲ್ಲಿ ನೋಡುವುದು. ಮುದುಕಿ ಕಿಟಕಿಯಲ್ಲಿ ಕೂತು ಮಳೆಯನ್ನು ‘ತಮಾಷಾ’ ಮಾಡುತ್ತಾಳೆ ಎಂದರೆ ಸುಮ್ಮನೆ ನೋಡುತ್ತಾ ಕೂತಿದ್ದಾಳೆ. ‘ತಕ್ಲೀಫ್’ ಎಂದರೆ ಕರ್ತವ್ಯ, ಶಾಲೆಯ ಹುಡುಗರಿಗೆ ಮನೆಗೆಲಸ. ‘ಚಾಯ್’ ಎಂದರೆ ಹಾಲಿಲ್ಲದ ಕೆಂಪು ಚಹಾ, ಸಕ್ಕರೆಯ ತುಂಡನ್ನು ಹಲ್ಲಿನ ನಡುವೆ ಹಿಡಿದು ಹೀರುತ್ತಾರೆ. ಒಮ್ಮೆ ಅದನ್ನು ಹೇಳಿಬಿಡಿ, ಇಲ್ಲದಿದ್ದರೆ ಓದುಗರು ತಮ್ಮ ಮನೆಯ ಚಹಾವನ್ನೇ ಕಾಣುತ್ತಾರೆ. ಹಳ್ಳಿಯ ಕಥೆಗಳಲ್ಲಿ ‘ಕನಾತ್’ ಎಂದು ಬಂದರೆ ಅದು ಕಾಲುವೆಯಲ್ಲ, ನೆಲದಡಿ ಮೈಲಿಗಟ್ಟಲೆ ಕೊರೆದ ನೀರಿನ ಸುರಂಗ. ಬೀದರಿನಲ್ಲಿ ಬಹಮನಿಗಳ ಕಾಲದ ಅಂಥದೇ ಸುರಂಗವನ್ನು ಇಂದಿಗೂ ‘ಕಾರೇಜ್’ ಎನ್ನುತ್ತಾರೆ. ಅದೇ ಊರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಕ್ಯಾಸ್ಪಿಯನ್ ದಂಡೆಯ ಗೀಲಾನ್‌ನವನು. ಪದ ನಮ್ಮ ಮನೆಯಲ್ಲೇ ಇದೆ, ಬಳಸಿ.

ಪ್ರಕಟಿಸುವುದಾದರೆ ಒಪ್ಪಿಗೆ ಕೇಳಿ. ಇರಾನ್ ಬರ್ನ್ ಹಕ್ಕುಸ್ವಾಮ್ಯ ಒಪ್ಪಂದಕ್ಕೆ ಸೇರಿಲ್ಲ, ಹಾಗಾಗಿ ಅಲ್ಲಿನ ಪುಸ್ತಕವನ್ನು ಕೇಳದೆ ತೆಗೆದುಕೊಳ್ಳಬಹುದು ಎನ್ನುವವರಿದ್ದಾರೆ. ಬರೆದದ್ದಕ್ಕೆ ಸೆರೆಮನೆ ಕಂಡವರ ಪುಸ್ತಕವನ್ನು ಹಾಗೆ ಎತ್ತಿಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ಇಂಗ್ಲಿಷ್ ಅನುವಾದಕ್ಕಂತೂ ಅದರದೇ ಹಕ್ಕಿರುತ್ತದೆ, ಅನುವಾದಕರಿಗೆ ಒಂದು ಪತ್ರ ಬರೆಯಿರಿ. ನನ್ನ ಅನುಭವದಲ್ಲಿ ಅವರು ಉತ್ತರಿಸುತ್ತಾರೆ, ಸಂದೇಹಗಳನ್ನೂ ಬಗೆಹರಿಸುತ್ತಾರೆ.

ಅಜ್ಜಿಕಥೆ ಮುಗಿಸುವಾಗ ಇರಾನಿನಲ್ಲಿ ಹೇಳುವ ಮಾತೊಂದಿದೆ: ‘ಕಿಸ್ಸೆ-ಯೆ ಮಾ ಬೆ ಸರ್ ರೆಸೀದ್, ಕಲಾಗೆ ಬೆ ಖೂನಶ್ ನರೆಸೀದ್.’ ರೆಸೀದ್ ಎಂದರೆ ತಲುಪಿತು, ನಮ್ಮ ‘ರಸೀದಿ’ ಹುಟ್ಟಿದ್ದು ಅದೇ ಬೇರಿನಿಂದ. ಇಂಗ್ಲಿಷಿನಲ್ಲಿ ಈ ಪ್ರಾಸ ಕೂಡಿಬರುವುದನ್ನು ನಾನು ಕಂಡಿಲ್ಲ. ನಿಮ್ಮ ಸೀಮೆಯ ಮಾತಿನಲ್ಲಿ ‘ಮನೆ ಮುಟ್ಟುವುದು’ ಎನ್ನುತ್ತೀರಲ್ಲ, ಅದರಲ್ಲಿ ತಾನಾಗಿಯೇ ಕೂಡುತ್ತದೆ: ನಮ್ಮ ಕಥೆ ಕೊನೆ ಮುಟ್ಟಿತು, ಕಾಗೆ ಮನೆ ಮುಟ್ಟಲಿಲ್ಲ. ಕಾಗೆ ಯಾಕೆ ಬಂತು ಎಂದು ಮಕ್ಕಳು ಕೇಳಿದರೆ ಇರಾನಿನ ಅಜ್ಜಿಯರೂ ಕಾರಣ ಹೇಳುವುದಿಲ್ಲ ಎನ್ನಿ. ಜಮಾಲ್‌ಜಾದೆಯ ಕಥೆಯ ಮೊದಲ ನಾಲ್ಕು ಪುಟ ಆದಾಗ ಕಳುಹಿಸಿ, ಮೂಲದ ಜೊತೆ ಕೂತು ನೋಡುತ್ತೇನೆ.